ಮರಳ ಮೇಲೆ 250 ಕಿಲೋಮೀಟರ್

ಮೊರಾಕ್ಕೊ ದೇಶದ ದಕ್ಷಿಣದಲ್ಲಿ, ಅಟ್ಲಾಸ್ ಪರ್ವತಗಳನ್ನು ದಾಟಿದರೆ ಸಿಗುವ ಸಹಾರಾದ ಅಂಚಿನಲ್ಲಿ, ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ನಡೆಯುವ ಓಟಕ್ಕೆ ‘ಮ್ಯಾರಥಾನ್ ಡೆ ಸಾಬ್ಲ್’ ಎಂದು ಹೆಸರು. ದೂರ ಸುಮಾರು 250 ಕಿಲೋಮೀಟರ್. ಅದನ್ನು ಹಲವು ಹಂತಗಳಾಗಿ ಒಡೆದು ಒಂದು ವಾರದಲ್ಲಿ ಮುಗಿಸಬೇಕು. ಆ ವಾರಕ್ಕೆ ಬೇಕಾದ ಊಟ, ಹಾಸಿಗೆ, ಬಟ್ಟೆ, ಔಷಧಿ ಎಲ್ಲವನ್ನೂ ಓಟಗಾರನೇ ಬೆನ್ನ ಮೇಲೆ ಹೊರಬೇಕು. ಸಂಘಟಕರು ಕೊಡುವುದು ಕುಡಿಯುವ ನೀರು, ರಾತ್ರಿ ಮಲಗಲು ಡೇರೆ ಮತ್ತು ವೈದ್ಯರ ನೆರವು, ಇಷ್ಟೇ. ಸಾಮಾನ್ಯ ಮ್ಯಾರಥಾನ್‌ನ ದೂರ 42.195 ಕಿಲೋಮೀಟರ್, ಅದಕ್ಕಿಂತ ಉದ್ದದ ಓಟಗಳೆಲ್ಲ ಅಲ್ಟ್ರಾಮ್ಯಾರಥಾನ್ ಎನಿಸಿಕೊಳ್ಳುತ್ತವೆ. ಮರಳುಗಾಡಿನ ಅಲ್ಟ್ರಾಮ್ಯಾರಥಾನ್‌ಗಳಿಗೆ ಇವತ್ತಿಗೂ ಮಾದರಿಯಾಗಿ ನಿಂತಿರುವುದು ಈ ಮೊರಾಕ್ಕೊದ ಓಟ.

ಇದರ ಹುಟ್ಟು ಒಬ್ಬನೇ ಮನುಷ್ಯನ ನಡಿಗೆಯಲ್ಲಿದೆ. ಪ್ಯಾಟ್ರಿಕ್ ಬಾಯರ್ ಎಂಬ ಫ್ರೆಂಚ್ ಯುವಕ 1984ರಲ್ಲಿ ಅಲ್ಜೀರಿಯಾದ ಸಹಾರಾವನ್ನು ಕಾಲ್ನಡಿಗೆಯಲ್ಲಿ ದಾಟಿದ. ಬೆನ್ನ ಮೇಲೆ ಸುಮಾರು 35 ಕಿಲೋ ಹೊರೆ, 12 ದಿನ, 350 ಕಿಲೋಮೀಟರ್. ತಾನು ಕಂಡದ್ದನ್ನು ಬೇರೆಯವರೂ ಕಾಣಲಿ ಎಂಬ ಹಂಬಲ ಅವನನ್ನು ಬಿಡಲಿಲ್ಲ. ಎರಡು ವರ್ಷಗಳ ನಂತರ, 1986ರಲ್ಲಿ, ಮೊರಾಕ್ಕೊದಲ್ಲಿ ಮೊದಲ ಓಟ ನಡೆದಾಗ ಬಂದವರು 23 ಮಂದಿ. ಈಗ ಒಂದೊಂದು ವರ್ಷ ಸುಮಾರು ಸಾವಿರ ಜನ ಸೇರುತ್ತಾರೆ. ಇವರಲ್ಲಿ ವೃತ್ತಿಪರ ಓಟಗಾರರು ಬೆರಳೆಣಿಕೆಯಷ್ಟು. ಉಳಿದವರು ಶಿಕ್ಷಕರು, ದಾದಿಯರು, ಇಂಜಿನಿಯರುಗಳು, ನಿವೃತ್ತರು. ಬಹುಪಾಲು ಜನ ದಾರಿಯ ದೊಡ್ಡ ಭಾಗವನ್ನು ನಡೆದೇ ಮುಗಿಸುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಗಡುವಿನೊಳಗೆ ತಲುಪಿದವರಿಗೆಲ್ಲ ಪದಕ ಒಂದೇ.

ಸಹಾರಾ ಎಂದಾಗ ಕಣ್ಣಮುಂದೆ ಬರುವುದು ಅಲೆಅಲೆಯಾದ ಮರಳ ದಿಬ್ಬಗಳು. ಅವು ಇಲ್ಲಿ ನಿಜವಾಗಿಯೂ ಇವೆ. ಮೆರ್ಝೂಗಾ ಊರಿನ ಪಕ್ಕದ ಎರ್ಗ್ ಶೆಬ್ಬಿ ಪ್ರದೇಶದಲ್ಲಿ ದಿಬ್ಬಗಳು 150 ಮೀಟರ್‌ನಷ್ಟು ಎತ್ತರಕ್ಕೆ ಏಳುತ್ತವೆ. ಆದರೆ ದಾರಿಯ ಹೆಚ್ಚಿನ ಭಾಗ ಮರಳಲ್ಲ. ಮೈಲುಗಟ್ಟಲೆ ಹರಡಿದ ಕರಿಗಲ್ಲಿನ ಬಯಲು, ಬಿರುಕುಬಿಟ್ಟ ಒಣ ಕೆರೆಯಂಗಳ, ಮಳೆ ಬಿದ್ದಾಗ ಮಾತ್ರ ಹರಿಯುವ ಹಳ್ಳಗಳ ಪಾತ್ರ, ಕೈಯೂರಿ ಹತ್ತಬೇಕಾದ ಬಂಡೆಗುಡ್ಡಗಳು ಒಂದರ ಹಿಂದೆ ಒಂದು ಬರುತ್ತವೆ. ಎಲ್ ಒತ್ಫಾಲ್ ಎಂಬ ಗುಡ್ಡದ ತುದಿಯ ಕಡಿದಾದ ಜಾಗದಲ್ಲಿ ಹಗ್ಗ ಹಿಡಿದು ಹತ್ತುವ ಪರಿಪಾಠವಿದೆ. ದಾರಿ ಪ್ರತಿವರ್ಷ ಬದಲಾಗುತ್ತದೆ. ನಕ್ಷೆ ಮತ್ತು ದಿಕ್ಕುಗಳ ವಿವರವಿರುವ ಪುಸ್ತಕ ಓಟಗಾರರ ಕೈ ಸೇರುವುದೇ ಮೊರಾಕ್ಕೊ ತಲುಪಿದ ಮೇಲೆ.

ಮರಳು ಎಷ್ಟು ಶಕ್ತಿ ಹೀರುತ್ತದೆ ಎಂಬುದನ್ನು ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲಿ ಅಳೆದು ಪ್ರಕಟಿಸಿದರು. ಗಟ್ಟಿ ನೆಲದ ಮೇಲೆ ನಡೆಯುವುದಕ್ಕೆ ಹೋಲಿಸಿದರೆ ಅದೇ ವೇಗದಲ್ಲಿ ಮರಳ ಮೇಲೆ ನಡೆಯಲು 2.1ರಿಂದ 2.7 ಪಟ್ಟು ಶಕ್ತಿ ಬೇಕು; ಓಡಲು ಸುಮಾರು 1.6 ಪಟ್ಟು. ಕಾಲು ಊರಿದಾಗ ಮರಳು ಜರುಗುತ್ತದೆ, ಅದನ್ನು ಜರುಗಿಸುವ ಕೆಲಸಕ್ಕೇ ಶಕ್ತಿ ವ್ಯಯವಾಗುತ್ತದೆ. ಜೊತೆಗೆ ಸ್ನಾಯು ಮತ್ತು ಸ್ನಾಯುರಜ್ಜುಗಳ ಪುಟಿತವೂ ಅಲ್ಲಿ ಪೂರ್ತಿಯಾಗಿ ದಕ್ಕುವುದಿಲ್ಲ. ಅನುಭವಿಗಳು ದಿಬ್ಬದ ನೆತ್ತಿಯ ಸಾಲನ್ನೇ ಹಿಡಿದು, ಗಾಳಿಗೆ ಗಟ್ಟಿಯಾದ ಮೈಯನ್ನು ಹುಡುಕುತ್ತ, ಸಣ್ಣ ಹೆಜ್ಜೆಯಿಡುವುದು ಇದೇ ಕಾರಣಕ್ಕೆ.

ಇಂಥ ಓಟಕ್ಕೆ ತಯಾರಿ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಅದೂ ಈಗಾಗಲೇ ಮ್ಯಾರಥಾನ್ ಓಡಬಲ್ಲವರಿಗೆ. ತರಬೇತಿಯ ತಿರುಳು ವೇಗದಲ್ಲಿಲ್ಲ. ಶನಿವಾರ ಮೂರ್ನಾಲ್ಕು ಗಂಟೆ ಓಡಿ, ಭಾನುವಾರ ಅದೇ ಸೋತ ಕಾಲುಗಳಲ್ಲಿ ಮತ್ತೆ ಮೂರ್ನಾಲ್ಕು ಗಂಟೆ ಓಡುವುದು ಇದರ ಮುಖ್ಯ ಪಾಠ. ದಣಿದ ದೇಹವನ್ನು ಮರುದಿನ ಬೆಳಿಗ್ಗೆ ಮತ್ತೆ ಎಬ್ಬಿಸುವ ಅಭ್ಯಾಸ ಬೇರೆ ಯಾವ ರೀತಿಯಲ್ಲೂ ಆಗುವುದಿಲ್ಲ. ಬೆನ್ನುಚೀಲವನ್ನು ಮೊದಲ ದಿನವೇ ತುಂಬಿಕೊಂಡು ಓಡಿದರೆ ಸೊಂಟ, ಮಂಡಿ ಕೈಕೊಡುತ್ತವೆ. ಎರಡು ಕಿಲೋದಿಂದ ಶುರುಮಾಡಿ ತಿಂಗಳುಗಳ ಮೇಲೆ ಏರಿಸುತ್ತ ಹೋಗಬೇಕು. ಬಿರುಸಾಗಿ ನಡೆಯುವುದನ್ನೂ ಪ್ರತ್ಯೇಕವಾಗಿ ಕಲಿಯಬೇಕು. ಓಟಗಾರರು ಇದನ್ನೇ ಹೆಚ್ಚಾಗಿ ಕಡೆಗಣಿಸುತ್ತಾರೆ, ಓಟದ ಮೂರನೆಯ ದಿನ ಇದಕ್ಕೇ ಹಂಬಲಿಸುತ್ತಾರೆ.

ಮರಳಿನ ಅಭ್ಯಾಸಕ್ಕೆ ಸಮುದ್ರತೀರ ಒಳ್ಳೆಯ ಜಾಗ, ಅಲೆ ತೋಯಿಸಿದ ಗಟ್ಟಿ ಅಂಚನ್ನು ಬಿಟ್ಟು ಮೇಲಿನ ಒಣ ಮರಳಲ್ಲಿ ಓಡಿದರೆ. ಆದರೆ ಕರ್ನಾಟಕದ ಕರಾವಳಿಯ ಬಿಸಿಲು ಸಹಾರಾದ ಬಿಸಿಲಿಗೆ ಸಾಟಿಯಾಗದು. ಮಂಗಳೂರು, ಕಾರವಾರಗಳ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಮೈಮೇಲಿಂದ ಹರಿಯುತ್ತದೆ, ಆರುವುದಿಲ್ಲ. ಮರಳುಗಾಡಿನಲ್ಲಿ ಬೆವರು ಹೊರಬಂದ ಕ್ಷಣವೇ ಆವಿಯಾಗುತ್ತದೆ. ಮೈ ಒಣಗಿದಂತೆಯೇ ಇರುವಾಗಲೂ ಗಂಟೆಗೆ ಒಂದು ಲೀಟರ್‌ಗಿಂತ ಹೆಚ್ಚು ನೀರು ದೇಹ ಬಿಟ್ಟುಹೋಗಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳ ಒಣ ಬಿಸಿಲು ಇದಕ್ಕೆ ಹೆಚ್ಚು ಹತ್ತಿರದ್ದು.

ದೇಹ ಬಿಸಿಲನ್ನು ತಾಳುವ ಬಗೆಯನ್ನು ಲೆಕ್ಕ ಹಾಕಿ ನೋಡಬಹುದು. ಓಡುವಾಗ ಸುಡುವ ಶಕ್ತಿಯಲ್ಲಿ ಚಲನೆಗೆ ದಕ್ಕುವುದು ನಾಲ್ಕರಲ್ಲೊಂದು ಪಾಲು, ಅಥವಾ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಶಾಖ. 70 ಕಿಲೋ ತೂಕದವರು ಗಂಟೆಗೆ 8 ಕಿಲೋಮೀಟರ್ ಓಡಿದರೆ ಸುಮಾರು 560 ಕಿಲೋಕ್ಯಾಲೊರಿ ಖರ್ಚಾಗುತ್ತದೆ, ಅದರಲ್ಲಿ 420ಕ್ಕೂ ಹೆಚ್ಚು ಶಾಖವಾಗಿ ಮೈಯೊಳಗೇ ಉಳಿಯುತ್ತದೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯಾದ 35 ಡಿಗ್ರಿಯ ಆಸುಪಾಸನ್ನು ದಾಟಿತೆಂದರೆ ಗಾಳಿಗೆ ಶಾಖ ಬಿಟ್ಟುಕೊಡುವ ದಾರಿ ಮುಚ್ಚಿಹೋಗಿ, ಹೊರಗಿನ ಶಾಖವೇ ಒಳನುಗ್ಗುತ್ತದೆ. ಆಗ ಉಳಿಯುವ ಉಪಾಯ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಅಂದರೆ ಓಟ ಹುಟ್ಟಿಸಿದ ಶಾಖಕ್ಕೇ ಗಂಟೆಗೆ ಮುಕ್ಕಾಲು ಲೀಟರ್ ಬೆವರು ಬೇಕು. ನೆತ್ತಿಯ ಸೂರ್ಯ, ಕಾದ ಕಲ್ಲುಗಳು ಸೇರಿಸುವ ಶಾಖ ಬೇರೆ.

ಈ ವ್ಯವಸ್ಥೆಯನ್ನು ತರಬೇತಿಯಿಂದ ಹದಗೊಳಿಸಬಹುದು. ಎರಡು ವಾರ ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಬಿಸಿಯಲ್ಲಿ ವ್ಯಾಯಾಮ ಮಾಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಬಡಿತ ಇಳಿಯುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಕಳೆದುಹೋಗುವ ಉಪ್ಪು ಕಡಿಮೆಯಾಗುತ್ತದೆ. ಬದಲಾವಣೆಯ ದೊಡ್ಡ ಪಾಲು ಮೊದಲ ವಾರದಲ್ಲೇ ಆಗುತ್ತದೆ. ಚಳಿ ದೇಶಗಳ ಓಟಗಾರರು ಬಿಸಿ ಕೋಣೆಯಲ್ಲಿ ಸೈಕಲ್ ತುಳಿಯುತ್ತಾರೆ, ಇಲ್ಲವೇ ಓಟ ಮುಗಿಸಿದ ಕೂಡಲೇ 40 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕುತ್ತಿಗೆವರೆಗೆ ಮುಳುಗಿ ಕೂರುತ್ತಾರೆ. ಈ ಎರಡನೆಯದನ್ನು ಮನೆಯಲ್ಲಿ ಒಬ್ಬರೇ ಇರುವಾಗ ಮಾಡಬಾರದು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಮಾಡಲೇಬಾರದು. ಗಳಿಸಿದ ಹೊಂದಾಣಿಕೆ ಕೆಲವೇ ವಾರಗಳಲ್ಲಿ ಕರಗಿಹೋಗುವುದರಿಂದ ಇದನ್ನೆಲ್ಲ ವಿಮಾನ ಹತ್ತುವ ಮುಂಚಿನ ದಿನಗಳಿಗೆ ಇಟ್ಟುಕೊಳ್ಳುವುದು ವಾಡಿಕೆ.

ಬೆನ್ನುಚೀಲದ ನಿಯಮ ಕಟ್ಟುನಿಟ್ಟು. ನೀರು ಬಿಟ್ಟು ಕನಿಷ್ಠ 6.5 ಕಿಲೋ, ಗರಿಷ್ಠ 15 ಕಿಲೋ. ಒಳಗೆ ಮಲಗುವ ಚೀಲ, ತಲೆದೀಪ, ದಿಕ್ಸೂಚಿ, ಸೀಟಿ, ಚಾಕು, ಬೆಂಕಿಪೊಟ್ಟಣದ ಬದಲು ಲೈಟರ್, ಬೆಳಕು ಪ್ರತಿಫಲಿಸಿ ಸುಳಿವು ಕೊಡಲು ಕನ್ನಡಿ, ಮೈ ಬೆಚ್ಚಗಿಡುವ ತೆಳು ಲೋಹದ ಹೊದಿಕೆ, ವಿಷ ಹೀರುವ ಪಂಪು ಇರಲೇಬೇಕು. ಇಸಿಜಿ ವರದಿ ಮತ್ತು ವೈದ್ಯರ ಪ್ರಮಾಣಪತ್ರ ಇಲ್ಲದವರನ್ನು ಸಾಲಿಗೇ ಸೇರಿಸುವುದಿಲ್ಲ. ಊಟದಲ್ಲಿ ದಿನಕ್ಕೆ ಕನಿಷ್ಠ 2,000 ಕಿಲೋಕ್ಯಾಲೊರಿ, ಏಳು ದಿನಕ್ಕೆ 14,000 ಇರಬೇಕೆಂಬುದು ಈ ಓಟದ ಹಳೆಯ ನಿಯಮ. ದಿನಕ್ಕೆ 40 ಕಿಲೋಮೀಟರ್ ಹೊರೆ ಹೊತ್ತು ಸಾಗುವವರ ಖರ್ಚು ಇದರ ಎರಡು ಪಟ್ಟನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ವಾರದುದ್ದಕ್ಕೂ ದೇಹ ತನ್ನ ಕೊಬ್ಬನ್ನೇ ತಿನ್ನುತ್ತಿರುತ್ತದೆ. ಕೆಲವು ಕಿಲೋ ಇಳಿದು ಮನೆಗೆ ಮರಳುವುದು ಸಾಮಾನ್ಯ.

ಆದ್ದರಿಂದ ಆಹಾರದ ಆಯ್ಕೆಯಲ್ಲಿ ಗ್ರಾಂ ಗ್ರಾಂಗೂ ಲೆಕ್ಕ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 570 ಕಿಲೋಕ್ಯಾಲೊರಿ ಇದೆ, ಬಾದಾಮಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾತ್ರಿಯೂಟಕ್ಕೆ ನೀರಿನಂಶ ಪೂರ್ತಿ ತೆಗೆದು ಒಣಗಿಸಿದ ಅನ್ನ, ಪಾಸ್ತಾದ ಪೊಟ್ಟಣಗಳು. ಘನ ಇಂಧನದ ಬಿಲ್ಲೆ ಉರಿಸಿ ನೀರು ಕಾಯಿಸಿ ಹಾಕಿದರೆ ಊಟ ಸಿದ್ಧ. ಒಲೆಯ ತೂಕವೂ ಬೇಡವೆನ್ನುವವರು ಪೊಟ್ಟಣಕ್ಕೆ ತಣ್ಣೀರು ಸುರಿದು ಬಿಸಿಲಿನಲ್ಲಿಡುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವವರಿದ್ದಾರೆ, ಚೀಲದ ಉಳಿದ ಪಟ್ಟಿಗಳನ್ನು ಕೊಯ್ದು ಎಸೆಯುವವರಿದ್ದಾರೆ. ಹೊರಗಿನವರಿಗೆ ಅತಿಯೆನಿಸಿದರೂ ನೂರು ಗ್ರಾಂ ಭಾರವನ್ನು 250 ಕಿಲೋಮೀಟರ್ ಹೊರುವವರ ದೃಷ್ಟಿಯಿಂದ ಇದು ಸರಿಯಾದ ಯೋಚನೆ. ಒಂದು ಎಚ್ಚರ ಮಾತ್ರ ಬೇಕು: ಸಿಹಿ ಜೆಲ್‌ಗಳನ್ನೇ ತುಂಬಿಕೊಂಡವರಿಗೆ ಮೂರನೆಯ ದಿನದ ಹೊತ್ತಿಗೆ ಸಿಹಿಯ ವಾಸನೆಯೂ ಸೇರುವುದಿಲ್ಲ. ನಾಲಿಗೆ ಉಪ್ಪು ಬೇಡುತ್ತದೆ. ತರಬೇತಿಯಲ್ಲಿ ತಿಂದು ಅರಗಿಸಿಕೊಂಡ ಪದಾರ್ಥವನ್ನಲ್ಲದೆ ಹೊಸದನ್ನು ಒಯ್ಯಬಾರದು.

ಇಷ್ಟೆಲ್ಲ ಸರಿಯಿದ್ದೂ ಓಟ ಕೆಡುವುದು ಹೆಚ್ಚಾಗಿ ಪಾದಗಳಿಂದ. ಸಹಾರಾದ ಮರಳು ಹಿಟ್ಟಿನಷ್ಟು ನುಣುಪು, ಶೂಗಳ ಜಾಲರಿಬಟ್ಟೆಯ ಮೂಲಕವೂ ನುಸುಳುತ್ತದೆ. ಬೆವರಿಗೆ ನೆಂದು ಮೆತ್ತಗಾದ ಚರ್ಮದ ಪದರಗಳು ಸಾವಿರಾರು ಹೆಜ್ಜೆಗಳ ಎಳೆತಕ್ಕೆ ಒಂದರಿಂದೊಂದು ಬಿಟ್ಟು, ನಡುವೆ ನೀರು ತುಂಬಿ ಬೊಬ್ಬೆ ಏಳುತ್ತದೆ. ತಡೆಗೆ ಮುಖ್ಯ ಸಾಧನ ಪ್ಯಾರಾಚೂಟ್ ಬಟ್ಟೆಯ ಗೇಟರ್, ಅಂದರೆ ಶೂಗಳ ಸುತ್ತ ಕಟ್ಟುವ ಮುಸುಕು. ಶೂಗಳ ಅಡಿಯಂಚಿನ ಸುತ್ತ ವೆಲ್ಕ್ರೊ ಪಟ್ಟಿಯನ್ನು ಅಂಟಿಸಿ, ಅಂಟೊಂದನ್ನೇ ನಂಬದೆ ಹೊಲಿಸಿಕೊಂಡು, ಅದಕ್ಕೆ ಗೇಟರನ್ನು ಕಚ್ಚಿಸುತ್ತಾರೆ. ಬಿಸಿಗೆ ಪಾದ ಊದಿಕೊಳ್ಳುವುದರಿಂದ ಶೂಗಳು ಮಾಮೂಲಿಗಿಂತ ಅರ್ಧ ಅಥವಾ ಒಂದು ಅಳತೆ ದೊಡ್ಡದಿರಬೇಕು. ತೀರಾ ದೊಡ್ಡದಾದರೆ ಪಾದ ಒಳಗೆ ಜಾರಿ ಬೊಬ್ಬೆ ಹೆಚ್ಚುತ್ತದೆ. ಬೆರಳು ಬೆರಳಿಗೆ ಬೇರೆಯಾದ ಕಾಲುಚೀಲ, ಉಜ್ಜುವ ಜಾಗಕ್ಕೆ ಮೊದಲೇ ಸುತ್ತಿದ ಟೇಪು, ಚರ್ಮ ಚುರುಕ್ಕೆಂದ ತಕ್ಷಣ ನಿಂತು ಶೂ ಬಿಚ್ಚಿ ಮರಳು ಕೊಡವುವ ಶಿಸ್ತು ಇದ್ದವರ ಪಾದ ಉಳಿಯುತ್ತದೆ. ಆ ಐದು ನಿಮಿಷ ಉಳಿಸಹೋದವರು ಮಾರನೆಯ ದಿನ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ.

ಓಟದ ದಿನಗಳು ಬೆಳಕು ಹರಿಯುವ ಮೊದಲೇ ಶುರು. ಎಂಟೆಂಟು ಮಂದಿಗೆ ಒಂದೊಂದರಂತೆ ಬೆರ್ಬರ್ ಜನರ ಕಪ್ಪು ಡೇರೆಗಳು. ಬದಿಗಳೆಲ್ಲ ತೆರೆದೇ ಇರುವುದರಿಂದ ರಾತ್ರಿಯ ಗಾಳಿಗೆ ಮರಳು ಮುಖದ ಮೇಲೇ ಬೀಳುತ್ತದೆ. ಹಗಲು 50 ಡಿಗ್ರಿ ಮುಟ್ಟಬಲ್ಲ ಜಾಗದಲ್ಲಿ ರಾತ್ರಿ ಚಳಿಗೆ ಹಲ್ಲು ಕಡಿಯುವಂತಾಗುತ್ತದೆ. ಬೆಳಿಗ್ಗೆ ಎಸಿ/ಡಿಸಿ ತಂಡದ ‘ಹೈವೇ ಟು ಹೆಲ್’ ಹಾಡನ್ನು ಜೋರಾಗಿ ಹಾಕಿ, ತಲೆಯ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿರುವಾಗ ಓಟಗಾರರನ್ನು ಬಿಡುವುದು ಇಲ್ಲಿನ ಸಂಪ್ರದಾಯ. ಉತ್ಸಾಹ ಉಕ್ಕುವ ಆ ಹತ್ತು ನಿಮಿಷದಲ್ಲಿ ವೇಗವಾಗಿ ಹೊರಟುಬಿಡುವುದೇ ಹೊಸಬರ ದೊಡ್ಡ ತಪ್ಪು.

ಸಾಲಿನ ಕೊನೆಯಲ್ಲಿ ಒಂಟೆಗಳು ಬರುತ್ತವೆ. ಅವು ದಾಟಿ ಮುಂದೆ ಹೋದರೆ ಆ ಓಟಗಾರರ ಓಟ ಅಲ್ಲಿಗೆ ಮುಗಿದಂತೆ. ದಾರಿಯಲ್ಲಿ ಹತ್ತರಿಂದ ಹದಿನೈದು ಕಿಲೋಮೀಟರ್‌ಗೊಂದು ತಪಾಸಣಾ ಕೇಂದ್ರ. ಅಲ್ಲಿ ನೀರು ಸಿಗುತ್ತದೆ. ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ ಹತ್ತು–ಹನ್ನೆರಡು ಲೀಟರ್ ಮಾತ್ರ ಸಿಗುತ್ತಿತ್ತು. ಕುಡಿಯಲು, ಅಡುಗೆಗೆ, ಮುಖ ಒರೆಸಲು ಎಲ್ಲಕ್ಕೂ ಅದೇ. ಕಾರ್ಡಿಗೆ ತೂತು ಹಾಕಿ ಬಾಟಲಿ ಕೊಡುತ್ತಿದ್ದರು, ಹೆಚ್ಚಿಗೆ ಕೇಳಿದರೆ ಸಮಯದ ದಂಡ ಬೀಳುತ್ತಿತ್ತು. ಬಾಟಲಿಗಳ ಮೇಲೆ ಓಟಗಾರರ ಸಂಖ್ಯೆ ಬರೆಯುತ್ತಿದ್ದುದರಿಂದ ಮರುಭೂಮಿಯಲ್ಲಿ ಎಸೆದವರು ಸಿಕ್ಕಿಬೀಳುತ್ತಿದ್ದರು.

ನೀರು ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಪ್ರಾಣಾಪಾಯ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆವರಿನ ಜೊತೆ ಉಪ್ಪು ಹೋಗುತ್ತದೆ. ಆ ಜಾಗವನ್ನು ಬರಿ ನೀರಿನಿಂದ ತುಂಬುತ್ತ ಹೋದರೆ ರಕ್ತದ ಸೋಡಿಯಂ ಲೀಟರ್‌ಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ. ತಲೆನೋವು, ವಾಕರಿಕೆ, ಬೆರಳುಗಳ ಊತ, ಕೊನೆಗೆ ಮೆದುಳು ಊದಿ ಸೆಳೆತ. ಮೊದಲ ಲಕ್ಷಣಗಳು ನೀರಡಿಕೆಯಿಂದ ಬಳಲಿದವರಂತೆಯೇ ಇರುವುದರಿಂದ ಗೆಳೆಯರು ಮತ್ತಷ್ಟು ನೀರು ಕುಡಿಸುತ್ತಾರೆ, ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಸಂಘಟಕರು ಉಪ್ಪಿನ ಗುಳಿಗೆಗಳನ್ನು ಹಂಚುತ್ತಾರೆ. ಆದರೆ ಮಿತಿಮೀರಿ ನೀರು ಕುಡಿದವರನ್ನು ಗುಳಿಗೆ ಕಾಪಾಡಲಾರದು. ಬಾಯಾರಿಕೆಯ ಮಾತು ಕೇಳಿ ಕುಡಿಯುವುದು, ಉಪ್ಪಿನ ತಿನಿಸು ತಿನ್ನುತ್ತಿರುವುದು ಹೆಚ್ಚು ಭದ್ರವಾದ ದಾರಿ.

ಬಿಸಿಲಿನ ಹೊಡೆತ ಇನ್ನೂ ವೇಗವಾಗಿ ಕೊಲ್ಲುತ್ತದೆ. ದೇಹದೊಳಗಿನ ಉಷ್ಣತೆ 40 ಡಿಗ್ರಿ ಮೀರಿ ಓಟಗಾರ ತೊದಲತೊಡಗಿದರೆ, ದಿಕ್ಕು ಮರೆತು ಅಲೆಯತೊಡಗಿದರೆ ಮೊದಲು ಆಗಬೇಕಾದದ್ದು ತಂಪು ಮಾಡುವುದು, ಸಾಗಿಸುವುದು ಆಮೇಲೆ. ಮಂಜುಗಡ್ಡೆಯ ನೀರು ಸಿಗದ ಕಡೆ ನೆರಳಿಗೆಳೆದು, ಮೈಗೆಲ್ಲ ನೀರು ಚಿಮುಕಿಸಿ ಗಾಳಿ ಬೀಸಬೇಕು. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೋವಿಗೆಂದು ನುಂಗುವ ಐಬುಪ್ರೊಫೆನ್ ಜಾತಿಯ ಮಾತ್ರೆಗಳು ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. 2021ರಲ್ಲಿ, ಕೋವಿಡ್ ಕಾರಣದಿಂದ ಅಕ್ಟೋಬರ್‌ಗೆ ಮುಂದೂಡಿದ ಓಟದಲ್ಲಿ, ವಿಪರೀತ ಸೆಕೆಯ ಜೊತೆ ಹೊಟ್ಟೆಯ ಕಾಯಿಲೆಯೂ ಹರಡಿ ಸುಮಾರು ಅರ್ಧದಷ್ಟು ಜನ ನಡುವೆಯೇ ಬಿಟ್ಟರು. ಓಟಗಾರರೊಬ್ಬರು ಹೃದಯಸ್ತಂಭನದಿಂದ ತೀರಿಕೊಂಡರು. ಮಾಮೂಲು ವರ್ಷಗಳಲ್ಲಿ ಬಿಟ್ಟುಹೋಗುವವರು ನೂರಕ್ಕೆ ಹತ್ತರ ಆಸುಪಾಸು ಎಂಬುದನ್ನು ನೆನೆದರೆ ಆ ವರ್ಷದ ಕಷ್ಟ ತಿಳಿಯುತ್ತದೆ. ಮರುಭೂಮಿಯಲ್ಲಿ ಮಳೆಯ ಕಾಟವೂ ಇಲ್ಲದಿಲ್ಲ: 2009ರಲ್ಲಿ ಪ್ರವಾಹ ಬಂದು ಓಟವನ್ನೇ ಮೊಟಕುಗೊಳಿಸಬೇಕಾಯಿತು.

ದಾರಿ ತಪ್ಪುವ ಭಯಕ್ಕೆ ಇಟಲಿಯ ಪೊಲೀಸ್ ಅಧಿಕಾರಿ ಮೌರೊ ಪ್ರೊಸ್ಪೆರಿಯ ಕಥೆ ಸಾಕ್ಷಿ. 1994ರಲ್ಲಿ ಗಂಟೆಗಟ್ಟಲೆ ಬೀಸಿದ ಮರಳ ಬಿರುಗಾಳಿಯಲ್ಲಿ ಅವರು ನಿಲ್ಲದೆ ಮುಂದುವರಿದರು. ಗಾಳಿ ನಿಂತಾಗ ದಿಬ್ಬಗಳ ಆಕಾರವೇ ಬದಲಾಗಿತ್ತು, ದಾರಿಯ ಗುರುತಿರಲಿಲ್ಲ. ಪಾಳುಬಿದ್ದ ಪುಟ್ಟ ಗೋರಿಗುಡಿಯೊಂದರಲ್ಲಿ ಆಶ್ರಯ ಪಡೆದು, ಅಲ್ಲಿನ ಬಾವಲಿಗಳನ್ನು ತಿಂದು, ತಮ್ಮ ಮೂತ್ರವನ್ನೇ ಕುಡಿದು ಜೀವ ಹಿಡಿದರು. ಹುಡುಕುವ ವಿಮಾನ ಅವರನ್ನು ಕಾಣದೆ ಹಾದುಹೋಯಿತು. ಸುಮಾರು ಹತ್ತು ದಿನಗಳ ನಂತರ ಅಲೆಮಾರಿ ಕುಟುಂಬವೊಂದಕ್ಕೆ ಸಿಕ್ಕಾಗ ಅವರು ಗಡಿ ದಾಟಿ ಅಲ್ಜೀರಿಯಾದಲ್ಲಿದ್ದರು. ಬಿರುಗಾಳಿ ಎದ್ದರೆ ಇದ್ದಲ್ಲೇ ನಿಲ್ಲಬೇಕು ಎಂಬುದು ಓಟದ ಮೊದಲ ಸುರಕ್ಷಾ ಪಾಠಗಳಲ್ಲೊಂದು. ಈಗ ಪ್ರತಿಯೊಬ್ಬರ ಜೊತೆಗೂ ಉಪಗ್ರಹದ ಮೂಲಕ ಜಾಗ ತಿಳಿಸುವ ಸಾಧನ ಇರುತ್ತದೆ.

ವಾರದ ಅತಿ ಕಠಿಣ ಘಟ್ಟ ಉದ್ದನೆಯ ಹಂತ. ಸಾಮಾನ್ಯವಾಗಿ 80ರಿಂದ 90 ಕಿಲೋಮೀಟರ್. ಹಗಲು, ರಾತ್ರಿ, ಮತ್ತೆ ಮರುದಿನದ ಹಗಲು ಸೇರಿ ಮುಗಿಸಲು ಅವಕಾಶವಿದೆ. ಮುಂಚೂಣಿಯ ಐವತ್ತು ಮಂದಿಯನ್ನು ಮೂರು ಗಂಟೆ ತಡವಾಗಿ ಬಿಡುತ್ತಾರೆ. ಹೀಗಾಗಿ ನಿಧಾನದವರಿಗೆ ಇಡೀ ವಾರದಲ್ಲಿ ಒಮ್ಮೆ ಅವರನ್ನು ಹತ್ತಿರದಿಂದ ನೋಡುವ ಭಾಗ್ಯ. ನೆಗೆಯುತ್ತ ಬರುವವರಿಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಕತ್ತಲಾದ ಮೇಲೆ ದಿಬ್ಬಗಳ ನಡುವೆ ತಲೆದೀಪಗಳ ಸಾಲು, ದಿಕ್ಕು ತೋರಲು ದೂರದಲ್ಲೊಂದು ಲೇಸರ್ ಕಿರಣ. ಈ ಹಂತವನ್ನು ಕಾಲಿನ ಬಲದಿಂದ ದಾಟುವವರು ಕಡಿಮೆ. ಮುಂದಿನ ತಪಾಸಣಾ ಕೇಂದ್ರದವರೆಗೆ ಮಾತ್ರ ಯೋಚಿಸಬಲ್ಲವರು, ಹೊಟ್ಟೆಗೆ ಬೇಡವೆನಿಸಿದರೂ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುವವರು ದಾಟುತ್ತಾರೆ. 2015ರಲ್ಲಿ ಬ್ರಿಟನ್ನಿನ ಸಾಹಸಿ ರಾನುಲ್ಫ್ ಫೈನ್ಸ್ ಇಡೀ ಓಟವನ್ನು ಮುಗಿಸಿದಾಗ ಅವರಿಗೆ 71 ವರ್ಷ, ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯೂ ಆಗಿತ್ತು.

ಗೆಲ್ಲುವವರ ಪಟ್ಟಿಯಲ್ಲಿ ಈ ನೆಲದ ಮಕ್ಕಳದ್ದೇ ಮೇಲುಗೈ. ಮೊರಾಕ್ಕೊದ ಲಾಹ್ಸೆನ್ ಅಹನ್ಸಾಲ್ ಹತ್ತು ಬಾರಿ ಗೆದ್ದರು, ಅವರ ತಮ್ಮ ಮೊಹಮದ್ ಐದು ಬಾರಿ. ಝಗೋರಾ ಕಡೆಯ ರಶೀದ್ ಎಲ್ ಮೊರಾಬಿತಿ 2011ರಿಂದ 2023ರೊಳಗೆ ಹತ್ತು ಗೆಲುವು ಕಂಡರು. ಮೃದು ಮರಳಿನಲ್ಲಿ ಗಟ್ಟಿ ಜಾಗವನ್ನು ಕಣ್ಣಳತೆಯಲ್ಲೇ ಗುರುತಿಸುವ, ಬಿಸಿಲಿಗೆ ಬಾಲ್ಯದಿಂದ ಪಳಗಿದ ಅವರ ಅನುಕೂಲವನ್ನು ಕೆಲವೇ ತಿಂಗಳ ತರಬೇತಿ ಸರಿಗಟ್ಟಲಾರದು.

ಮರುಭೂಮಿಯ ಓಟಗಳೆಲ್ಲ ಇದೇ ಅಚ್ಚಿನವಲ್ಲ. ಅಮೆರಿಕದ ‘ಬ್ಯಾಡ್‌ವಾಟರ್ 135’ ಜುಲೈ ತಿಂಗಳಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 85 ಮೀಟರ್ ಕೆಳಗಿರುವ ಡೆತ್ ವ್ಯಾಲಿಯ ತಳದಿಂದ ಹೊರಟು 217 ಕಿಲೋಮೀಟರ್ ದೂರದ ವಿಟ್ನಿ ಪರ್ವತದ ತಪ್ಪಲಿನವರೆಗೆ ಒಂದೇ ಉಸಿರಿನಲ್ಲಿ, 48 ಗಂಟೆಯೊಳಗೆ ಮುಗಿಯಬೇಕು. ಅಲ್ಲಿ ಡಾಂಬರು ರಸ್ತೆ, ಬೆನ್ನ ಮೇಲೆ ಹೊರೆಯಿಲ್ಲ, ಪ್ರತಿ ಓಟಗಾರರ ಹಿಂದೆ ಮಂಜುಗಡ್ಡೆ ಹೊತ್ತ ಅವರದೇ ವಾಹನ. ಭಾರತದಲ್ಲಿ ಜೈಸಲ್ಮೇರ್‌ನಿಂದ ಲೊಂಗೆವಾಲಾ ಕಡೆಗೆ ಥಾರ್‌ನಲ್ಲೂ, ಧೋಲಾವೀರದ ಸುತ್ತ ಕಚ್ಛದ ರಣದಲ್ಲೂ ಚಳಿಗಾಲದ ತಿಂಗಳುಗಳಲ್ಲಿ ದೂರದ ಓಟಗಳು ನಡೆದಿವೆ. ಸಹಾರಾಕ್ಕೆ ಹೊರಡುವ ಮುನ್ನ ಇಂಥದ್ದೊಂದನ್ನು ಓಡಿ ನೋಡುವುದು ಜಾಣತನ.

ಮೊರಾಕ್ಕೊದಲ್ಲಿ ಕೊನೆಯ ಗೆರೆ ದಾಟಿದ ಮೇಲೂ ದೇಹದ ಕೆಲಸ ಮುಗಿಯುವುದಿಲ್ಲ. ಮೊದಲ ಕೆಲವು ದಿನ ಕಾಲು, ಪಾದ ಊದಿಕೊಂಡೇ ಇರುತ್ತವೆ. ತಡೆಹಿಡಿದ ಉಪ್ಪು, ನೀರನ್ನು ದೇಹ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಡೆದ ಬೊಬ್ಬೆಗಳಿಗೆ ಸೋಂಕು ತಗಲದಂತೆ ದಿನವೂ ತೊಳೆದು ಒಣಗಿಸಬೇಕು. ಕಪ್ಪಾದ ಉಗುರುಗಳು ವಾರಗಳ ನಂತರ ಉದುರಿ, ಹೊಸವು ಬರಲು ತಿಂಗಳುಗಳೇ ಬೇಕು. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು, ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಮೊದಲ ಎರಡು ವಾರ ನಡಿಗೆ, ಈಜು ಸಾಕು. ಹಸಿವು, ನಿದ್ದೆ, ಬೆಳಗಿನ ಹೃದಯ ಬಡಿತ ಮೊದಲಿನಂತಾದ ಮೇಲೆ ಗಟ್ಟಿ ನೆಲದಲ್ಲಿ ಅರ್ಧ ಗಂಟೆಯ ಹಗುರ ಓಟದಿಂದ ಮತ್ತೆ ಶುರುಮಾಡಬಹುದು.